ಹೆನ್ಲಿ ಬೀದಿಯ ಮನೆ: ಒಬ್ಬ ಕೈಗವಸು ತಯಾರಕನ ಆಸ್ತಿ ನಡೆದ ದಾರಿ

ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತದ ಸ್ಟ್ರಾಟ್‌ಫರ್ಡ್ ಎಂಬ ಸಂತೆಯೂರಿನಲ್ಲಿ 1552ರ ಏಪ್ರಿಲ್ ತಿಂಗಳಲ್ಲಿ ಜಾನ್ ಷೇಕ್ಸ್‌ಪಿಯರ್ ಎಂಬಾತನಿಗೆ ಒಂದು ಷಿಲ್ಲಿಂಗ್ ದಂಡ ಬಿತ್ತು. ಹೆನ್ಲಿ ಬೀದಿಯಲ್ಲಿ ಅಪ್ಪಣೆಯಿಲ್ಲದೆ ತಿಪ್ಪೆ ಹಾಕಿದ್ದ ಎಂಬುದು ಅವನ ಮೇಲಿದ್ದ ದೂರು. ಆ ಊರಿನ ದಾಖಲೆಗಳಲ್ಲಿ ಅವನ ಹೆಸರು ಮೊದಲು ಕಾಣಿಸಿಕೊಳ್ಳುವುದು ಹೀಗೆ. ಪಕ್ಕದ ಸ್ನಿಟರ್‌ಫೀಲ್ಡ್ ಹಳ್ಳಿಯ ಗೇಣಿದಾರ ರೈತನೊಬ್ಬನ ಮಗನಾದ ಈತ ಪೇಟೆಗೆ ಬಂದು ಕೈಗವಸು ಹೊಲಿಯುವ, ತೆಳು ಚರ್ಮವನ್ನು ಪಟಿಕ ಮತ್ತು ಉಪ್ಪು ಹಾಕಿ ಬೆಳ್ಳಗೆ ಹದಮಾಡುವ ಕಸುಬಿನಲ್ಲಿ ನೆಲೆಯೂರಿದ. ಇವನ ಹಿರಿಯ ಮಗ ವಿಲಿಯಂ ನಾಟಕಕಾರನಾಗಿ ಲೋಕಪ್ರಸಿದ್ಧನಾದದ್ದು ಎಲ್ಲರಿಗೂ ತಿಳಿದ ಸಂಗತಿ. ನಾನಿಲ್ಲಿ ಮಾತನಾಡಲಿರುವುದು ಆ ಮನೆತನದ ಆಸ್ತಿಯ ಬಗ್ಗೆ. ಅದರಲ್ಲೂ ಜಾನ್ ಹೆನ್ಲಿ ಬೀದಿಯಲ್ಲಿ ಸಂಪಾದಿಸಿದ ಮನೆ ಯಾರಿಂದ ಯಾರಿಗೆ ಹೋಯಿತು, ಹೋಗಬೇಕೆಂದು ಬರೆದಿಟ್ಟದ್ದು ಯಾರಿಗೆ, ಕೊನೆಗೆ ಸೇರಿದ್ದು ಯಾರಿಗೆ ಎಂಬುದರ ಬಗ್ಗೆ. ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಅನುಕೂಲಸ್ಥ ಕಸುಬುದಾರನೊಬ್ಬನ ಗಳಿಕೆ ಹೇಗೆ ಕೈಬದಲಾಯಿಸುತ್ತಿತ್ತು ಎಂಬುದನ್ನು ಅರಿಯಲು ಇಷ್ಟು ದಾಖಲೆಗಳುಳ್ಳ ಇನ್ನೊಂದು ಮನೆ ಸಿಗುವುದು ಕಷ್ಟ.

ಜಾನ್‌ನ ಏಳಿಗೆಯಲ್ಲಿ ಅವನ ಕೈಕಸುಬಿನ ಪಾಲು ಎಷ್ಟಿತ್ತೋ ಹೆಂಡತಿಯ ತವರಿನ ಪಾಲೂ ಅಷ್ಟೇ ಇತ್ತು. ಅವನು ಮದುವೆಯಾದ ಮೇರಿ ಆರ್ಡನ್, ವಿಲ್ಮ್‌ಕೋಟ್ ಹಳ್ಳಿಯ ರಾಬರ್ಟ್ ಆರ್ಡನ್‌ನ ಎಂಟು ಹೆಣ್ಣುಮಕ್ಕಳಲ್ಲಿ ಕಿರಿಯಳು. ರಾಬರ್ಟ್ 1556ರ ನವೆಂಬರ್‌ನಲ್ಲಿ ಉಯಿಲು ಬರೆಸಿದಾಗ ವಿಲ್ಮ್‌ಕೋಟ್‌ನ 'ಆಸ್ಬೀಸ್' ಎಂಬ ಜಮೀನನ್ನು, ಅದರಲ್ಲಿ ಬಿತ್ತಿ ನಿಂತ ಪೈರಿನ ಸಮೇತ, ಈ ಕಿರಿಯ ಮಗಳಿಗೇ ಬಿಟ್ಟ. ಜೊತೆಗೆ 6 ಪೌಂಡ್ 13 ಷಿಲ್ಲಿಂಗ್ 4 ಪೆನ್ಸ್ ನಗದು. ಉಯಿಲನ್ನು ಜಾರಿಗೊಳಿಸುವ ಹೊಣೆಯನ್ನೂ ಇವಳಿಗೆ ಮತ್ತು ಇವಳ ಅಕ್ಕ ಆಲಿಸ್‌ಗೆ ವಹಿಸಿದ. ಅವನು ಸತ್ತ ಮೇಲೆ ಆಗಿನ ಕ್ರಮದಂತೆ ನೆರೆಹೊರೆಯವರು ಮನೆಯೊಳಗೆ ಹೋಗಿ ಒಂದೊಂದು ವಸ್ತುವನ್ನೂ ಬೆಲೆಕಟ್ಟಿ ಪಟ್ಟಿ ಮಾಡಿದರು. ಗೋಡೆಗೆ ತೂಗುಹಾಕುವ ಚಿತ್ರಬಿಡಿಸಿದ ಬಟ್ಟೆಗಳಿಂದ ಹಿಡಿದು ಎತ್ತು, ಹಸು, ಧಾನ್ಯದವರೆಗೆ ಎಲ್ಲ ಸೇರಿ ಮೊತ್ತ 77 ಪೌಂಡ್ 11 ಷಿಲ್ಲಿಂಗ್ 10 ಪೆನ್ಸ್. ಕೆಲವು ವರ್ಷಗಳ ಬಳಿಕ ತೀರಿಕೊಂಡ ಜಾನ್‌ನ ತಂದೆ ರಿಚರ್ಡ್‌ನ ಚರಾಸ್ತಿಗೆ ಬಂದ ಬೆಲೆ 38 ಪೌಂಡ್ 17 ಷಿಲ್ಲಿಂಗ್, ಅಂದರೆ ಬೀಗರದ್ದರಲ್ಲಿ ಸರಿಸುಮಾರು ಅರ್ಧ. ಗೇಣಿದಾರನ ಮಗನಿಗೆ ಸ್ವಂತ ಭೂಮಿಯುಳ್ಳವನ ಮಗಳು ಬಂದಳು ಎಂಬುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ.

1556ರಲ್ಲಿ ಜಾನ್ ಹೆನ್ಲಿ ಬೀದಿಯಲ್ಲಿ ಒಂದು ಮನೆ ಕೊಂಡ. 1575ರಲ್ಲಿ 40 ಪೌಂಡ್ ಕೊಟ್ಟು ಊರಿನಲ್ಲಿ ಇನ್ನೆರಡು ಮನೆ ಕೊಂಡ. ಈ ನಡುವೆ ಊರಿನಲ್ಲಿ ಏಲ್ ಎಂಬ ಮದ್ಯದ ರುಚಿ ಪರೀಕ್ಷಿಸುವ ಸಣ್ಣ ಹುದ್ದೆಯಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಿ 1568ರಲ್ಲಿ ಪಟ್ಟಣದ ಮುಖ್ಯಸ್ಥನಾದ, ಅಂದರೆ ಬೇಲಿಫ್ ಆದ. ಅವನು ಕಾಗದಪತ್ರಗಳಿಗೆ ಹೆಸರು ಬರೆದು ಸಹಿ ಹಾಕಿದ ಒಂದು ನಿದರ್ಶನವೂ ಸಿಕ್ಕಿಲ್ಲ. ಗುರುತು ಹಾಕುತ್ತಿದ್ದ, ಕೆಲವೊಮ್ಮೆ ಕೈಗವಸಿನವರು ಅಳತೆಗೆ ಬಳಸುವ ಕೈವಾರದ ಚಿತ್ರ ಬಿಡಿಸುತ್ತಿದ್ದ. ಆ ಗುರುತಿನಲ್ಲಿ ನನಗೆ ಕಾಣುವುದು ಕಸುಬಿನ ಅಭಿಮಾನ. ಚರ್ಮದ ಜೊತೆಗೆ ಉಣ್ಣೆಯ ವ್ಯಾಪಾರ, ಬಡ್ಡಿ ವ್ಯವಹಾರ ಎರಡನ್ನೂ ಅವನು ನಡೆಸುತ್ತಿದ್ದ. ಪರವಾನಗಿಯಿಲ್ಲದೆ ಉಣ್ಣೆ ಕೊಂಡನೆಂದೂ ಕಾನೂನು ಮೀರಿ ಬಡ್ಡಿ ಪಡೆದನೆಂದೂ 1570ರ ದಶಕದ ಆರಂಭದಲ್ಲಿ ಅವನ ಮೇಲೆ ಮೊಕದ್ದಮೆಗಳಾದವು.

ಇಳಿಗಾಲ ಬಂದದ್ದು ಬೇಗ. 1577ರಿಂದೀಚೆಗೆ ಅವನು ಪುರಸಭೆಯ ಕೂಟಗಳಿಗೆ ಹೋಗುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ. 1578ರಲ್ಲಿ ಹೆಂಡತಿಯ ಪಾಲಿಗೆ ಬಂದಿದ್ದ ವಿಲ್ಮ್‌ಕೋಟ್‌ನ ಮನೆ ಮತ್ತು ಜಮೀನನ್ನು ಅವಳ ಅಕ್ಕನ ಗಂಡ ಎಡ್ಮಂಡ್ ಲ್ಯಾಂಬರ್ಟ್‌ನಲ್ಲಿ 40 ಪೌಂಡಿಗೆ ಅಡವಿಟ್ಟ. 1580ರ ಗಡುವಿಗೆ ಸಾಲ ತೀರಲಿಲ್ಲ. ತಾನು ಹಣ ಕೊಡಲು ಹೋದಾಗ ಬೇರೆ ಸಾಲಗಳನ್ನೂ ತೀರಿಸೆಂದು ಹೇಳಿ ಲ್ಯಾಂಬರ್ಟ್ ಅದನ್ನು ತೆಗೆದುಕೊಳ್ಳಲಿಲ್ಲ ಎಂಬುದು ಜಾನ್‌ನ ವಾದ. ಲ್ಯಾಂಬರ್ಟ್ ಸತ್ತ ಮೇಲೆ ಅವನ ಮಗನ ವಿರುದ್ಧ 1588ರಲ್ಲಿ ಒಂದು ದಾವೆ, 1597ರಲ್ಲಿ ಚಾನ್ಸರಿ ನ್ಯಾಯಾಲಯದಲ್ಲಿ ಇನ್ನೊಂದು. ಜಮೀನು ಮಾತ್ರ ಕೈಸೇರಲಿಲ್ಲ. ಮದುವೆಯಾದ ಹೆಣ್ಣಿನ ಭೂಮಿಯ ಆಡಳಿತವೆಲ್ಲ ಗಂಡನ ಕೈಗೆ ಹೋಗುತ್ತಿದ್ದ ಆ ಕಾಲದಲ್ಲಿ ತಂದೆ ತನ್ನ ಹೆಸರಿಗೆ ಬರೆದಿಟ್ಟ ಹೊಲ ಗಂಡನ ಸಾಲಕ್ಕೆ ಹೋಗುವುದನ್ನು ಮೇರಿ ನೋಡಬೇಕಾಯಿತು. ಈ ಮನೆತನದ ಕಥೆಯಲ್ಲಿ ಅವಳ ನಷ್ಟವನ್ನು ಸಾಮಾನ್ಯವಾಗಿ ಯಾರೂ ಅವಳ ನಷ್ಟವೆಂದು ಎಣಿಸುವುದಿಲ್ಲ. ಜಾನ್‌ನ ಕಷ್ಟಕಾಲದ ಒಂದು ಪ್ರಸಂಗವೆಂದು ಹೇಳಿ ಮುಂದೆ ಹೋಗುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ.

ಇಷ್ಟೆಲ್ಲ ಕೈಬಿಟ್ಟರೂ ಜಾನ್ ಹೆನ್ಲಿ ಬೀದಿಯ ಮನೆಯನ್ನು ಮಾತ್ರ ಬಿಡಲಿಲ್ಲ. 1597ರಲ್ಲಿ ಅದರ ಪಕ್ಕದ ಒಂದು ಕಿರಿದಾದ ನೆಲಪಟ್ಟಿಯನ್ನು ನೆರೆಯವನಿಗೆ 2 ಪೌಂಡ್ 10 ಷಿಲ್ಲಿಂಗಿಗೆ ಮಾರಿದ್ದುಂಟು, ಅಷ್ಟೇ. ಅದರ ಹಿಂದಿನ ವರ್ಷ, 1596ರ ಅಕ್ಟೋಬರ್‌ನಲ್ಲಿ, ಅವನಿಗೆ ಕುಲಲಾಂಛನ ದೊರೆತು ಕೈಗವಸಿನವನು ಅಧಿಕೃತವಾಗಿ ಗೌರವಸ್ಥರ ಸಾಲಿಗೆ ಸೇರಿದ. ಲಾಂಛನವೆಂದರೆ ಗಂಡು ಸಂತತಿಯ ಮೂಲಕ ಮುಂದುವರಿಯಬೇಕಾದ ಗೌರವ. ಆದರೆ ಅದು ಬರುವುದಕ್ಕೆ ಎರಡು ತಿಂಗಳು ಮೊದಲು, ಆಗಸ್ಟ್ 11ರಂದು, ವಿಲಿಯಂನ ಒಬ್ಬನೇ ಮಗ ಹ್ಯಾಮ್ನೆಟ್‌ನನ್ನು ಹನ್ನೊಂದನೆಯ ವಯಸ್ಸಿನಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಮಣ್ಣುಮಾಡಿದ್ದರು. ಮುಂದೆ ಇಪ್ಪತ್ತು ವರ್ಷಗಳ ಬಳಿಕ ವಿಲಿಯಂ ಬರೆಸಿದ ಉಯಿಲಿನ ಒಂದೊಂದು ಸಾಲಿನ ಹಿಂದೆಯೂ ಈ ಸಾವು ಇದೆ ಎಂಬುದು ನನ್ನ ನಂಬಿಕೆ.

ಜಾನ್ 1601ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಅವನದೆಂದು ನಂಬಬಹುದಾದ ಉಯಿಲು ಉಳಿದುಬಂದಿಲ್ಲ. ಇಲ್ಲಿ ಆಗಿನ ಕಾನೂನಿನ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಪಾತ್ರೆಪಡಗ, ಹಣ, ದನಕರು, ಕಸುಬಿನ ಸಲಕರಣೆ, ಅಂಗಡಿಯ ಸರಕು ಮುಂತಾದ ಚರಾಸ್ತಿಯ ಹಂಚಿಕೆಯನ್ನು ನೋಡಿಕೊಳ್ಳುತ್ತಿದ್ದುದು ಚರ್ಚಿನ ನ್ಯಾಯಾಲಯಗಳು. ಸತ್ತವನು ಏನೂ ಬರೆದಿಡದಿದ್ದರೆ ಅಲ್ಲಿ ವಿಧವೆಗೂ ಎಲ್ಲ ಮಕ್ಕಳಿಗೂ ಪಾಲು ಸಿಗುವ ಕ್ರಮವಿತ್ತು. ಮನೆ, ನೆಲ ಮುಂತಾದ ಸ್ಥಿರಾಸ್ತಿಯದು ಬೇರೆ ದಾರಿ. ಅದು ದೇಶದ ಸಾಮಾನ್ಯ ಕಾನೂನಿಗೆ ಒಳಪಟ್ಟಿತ್ತು, ಮತ್ತು ಉಯಿಲಿಲ್ಲದಿದ್ದರೆ ಪೂರ್ತಿಯಾಗಿ ಹಿರಿಯ ಮಗನಿಗೇ ಹೋಗುತ್ತಿತ್ತು. 1540ರ ಉಯಿಲು ಶಾಸನ ಬರುವವರೆಗೆ ನೆಲವನ್ನು ಇಷ್ಟಬಂದವರಿಗೆ ಬರೆದುಕೊಡುವ ಸ್ವಾತಂತ್ರ್ಯವೂ, ಕೆಲವು ಪಟ್ಟಣಗಳ ರೂಢಿಯನ್ನು ಬಿಟ್ಟರೆ, ನೇರವಾಗಿ ಇರಲಿಲ್ಲ. ಜಾನ್ ಸತ್ತಾಗ ಅವನಿಗೆ ನಾಲ್ವರು ಗಂಡುಮಕ್ಕಳೂ ಜೋನ್ ಎಂಬ ಒಬ್ಬ ಮಗಳೂ ಬದುಕಿದ್ದರು. ಮನೆ ಸೇರಿದ್ದು ಹಿರಿಯನಾದ ವಿಲಿಯಂಗೆ. ಆ ಹೊತ್ತಿಗೆ ಅವನು ಊರಿನ ದೊಡ್ಡ ಮನೆಗಳಲ್ಲಿ ಒಂದಾದ ನ್ಯೂ ಪ್ಲೇಸ್ ಅನ್ನು ಕೊಂಡಿದ್ದನಾದ್ದರಿಂದ ಅಪ್ಪನ ಮನೆ ಅವನ ವಾಸಕ್ಕೆ ಬೇಕಿರಲಿಲ್ಲ. ಅದರ ಹೆಚ್ಚಿನ ಭಾಗವನ್ನು ಗುತ್ತಿಗೆಗೆ ಕೊಟ್ಟ. ಅಲ್ಲಿ ಒಂದು ತಂಗುಮನೆ ಆರಂಭವಾಯಿತು. ಇನ್ನೊಂದು ಪಕ್ಕದ ಸಣ್ಣ ಭಾಗದಲ್ಲಿ ತಂಗಿ ಜೋನ್ ತನ್ನ ಗಂಡ ವಿಲಿಯಂ ಹಾರ್ಟ್ ಮತ್ತು ಮಕ್ಕಳೊಂದಿಗೆ ಇದ್ದಳು. ಹಾರ್ಟ್ ಟೋಪಿ ತಯಾರಿಸುವವನು. ಮನೆತನದ ಉಳಿದವರು ಲಾಂಛನದ ಗೌರವಕ್ಕೆ ಏರಿದರೂ ಜೋನ್‌ಳ ಸಂಸಾರ ಕೈಕಸುಬಿನಲ್ಲೇ ಉಳಿಯಿತು ಎಂಬುದನ್ನು ನೆನಪಿಡಬೇಕು.

ಈಗ 1616ರ ಉಯಿಲಿಗೆ ಬರೋಣ. ಮೂರು ಹಾಳೆಗಳು, ವಿಲಿಯಂನ ಪರವಾಗಿ ಅದನ್ನು ಸಿದ್ಧಪಡಿಸಿದವನು ಫ್ರಾನ್ಸಿಸ್ ಕಾಲಿನ್ಸ್ ಎಂಬ ವಕೀಲ. ಜನವರಿಯಲ್ಲಿ ಕರಡು ಮಾಡಿ, ಮಾರ್ಚ್ 25ರಂದು ತಿದ್ದಿ, ಹೊಸದಾಗಿ ನಕಲು ಮಾಡದೆ ಹೊಡೆದುಹಾಕಿದ ಪದಗಳ ನಡುವೆಯೇ ಹೊಸ ಪದಗಳನ್ನು ತುರುಕಿದ್ದಾರೆ. ಫೆಬ್ರವರಿಯಲ್ಲಿ ಕಿರಿಯ ಮಗಳು ಜೂಡಿತ್, ಥಾಮಸ್ ಕ್ವೈನಿ ಎಂಬವನನ್ನು ಮದುವೆಯಾಗಿದ್ದಳು; ಬೇರೊಬ್ಬ ಹೆಣ್ಣು ಅವನಿಂದ ಬಸಿರಾಗಿ ಮಾರ್ಚ್‌ನಲ್ಲಿ ಹೆರಿಗೆಯ ವೇಳೆ ಮಗುವಿನೊಂದಿಗೆ ಸತ್ತಿದ್ದಳು. ಉಯಿಲಿನ ಆರಂಭದಲ್ಲಿ 'ಅಳಿಯ' ಎಂಬ ಮಾತನ್ನು ಹೊಡೆದು 'ಮಗಳು ಜೂಡಿತ್' ಎಂದು ಬರೆದಿರುವುದು ಇಂದಿಗೂ ಕಾಣುತ್ತದೆ. ಅವಳಿಗೆ ವರದಕ್ಷಿಣೆಯಾಗಿ 100 ಪೌಂಡ್, ಒಂದು ಗುಡಿಸಲಿನ ಮೇಲಿನ ಹಕ್ಕನ್ನು ಅಕ್ಕನಿಗೆ ಬಿಟ್ಟುಕೊಟ್ಟರೆ ಇನ್ನು 50 ಪೌಂಡ್, ಮತ್ತು ಮೂರು ವರ್ಷದ ಬಳಿಕವೂ ಅವಳೋ ಅವಳ ಮಕ್ಕಳೋ ಬದುಕಿದ್ದರೆ ಇನ್ನೂ 150 ಪೌಂಡ್. ಈ ಕೊನೆಯ ಮೊತ್ತದ ಅಸಲನ್ನು ಗಂಡ ಮುಟ್ಟಬೇಕಾದರೆ ಅವನು ಅಷ್ಟೇ ಬೆಲೆಯ ಭೂಮಿಯನ್ನು ಹೆಂಡತಿಗೆ ಭದ್ರಪಡಿಸಿರಬೇಕು. ಊರಿನ ಶಾಲೆಯ ಉಪಾಧ್ಯಾಯನಿಗೆ ವರ್ಷಕ್ಕೆ 20 ಪೌಂಡ್ ಸಂಬಳವಿದ್ದ ಕಾಲವದು. ತಾಯಿಯ ಪಾಲು ತಂದೆಯ ಸಾಲದಲ್ಲಿ ಕರಗಿದ್ದನ್ನು ನೋಡಿದವನು ತನ್ನ ಮಗಳ ಪಾಲಿಗೆ ಇಷ್ಟು ಬೇಲಿ ಕಟ್ಟಿದ್ದು ನನಗೆ ಸಹಜವಾಗಿ ತೋರುತ್ತದೆ.

ಸ್ಥಿರಾಸ್ತಿಯೆಲ್ಲ ಹಿರಿಯ ಮಗಳು ಸುಸಾನಾಗೆ: ನ್ಯೂ ಪ್ಲೇಸ್, ಹೆನ್ಲಿ ಬೀದಿಯ ಎರಡು ಮನೆಗಳು, ಸುತ್ತಲಿನ ಜಮೀನು, ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ 140 ಪೌಂಡಿಗೆ ಕೊಂಡಿದ್ದ ಮನೆ. ಆದರೆ ಅವಳ ಕೈಗೆ ಬಂದದ್ದು ಅವಳು ಬದುಕಿರುವ ತನಕದ ಅನುಭೋಗ ಮಾತ್ರ. ಅವಳ ಬಳಿಕ ಆಸ್ತಿ ಅವಳ ಮೊದಲನೆಯ ಮಗನಿಗೆ ಮತ್ತು ಅವನ ಗಂಡು ಸಂತತಿಗೆ. ಅವನಿಲ್ಲದಿದ್ದರೆ ಎರಡನೆಯ ಮಗನಿಗೆ. ಹಾಗೆಯೇ ಮೂರನೆಯವನು, ನಾಲ್ಕನೆಯವನು ಎಂದು ಏಳನೆಯ ಮಗನವರೆಗೂ ಉಯಿಲು ಎಣಿಸುತ್ತದೆ. ಅವರಾರೂ ಇಲ್ಲದಿದ್ದರೆ ಮೊಮ್ಮಗಳು ಎಲಿಜಬೆತ್‌ಳ ಗಂಡು ಸಂತತಿಗೆ, ಆಮೇಲೆ ಜೂಡಿತ್‌ಳ ಗಂಡು ಸಂತತಿಗೆ. ಆಸ್ತಿಯನ್ನು ಹೀಗೆ ಒಂದು ಸಂತಾನರೇಖೆಗೆ ಕಟ್ಟಿಹಾಕುವ ವಿಧಾನಕ್ಕೆ ಅಲ್ಲಿನ ಕಾನೂನಿನಲ್ಲಿ ಎಂಟೇಲ್ ಎನ್ನುತ್ತಿದ್ದರು; ದೊಡ್ಡ ಜಮೀನುದಾರರು ಬಳಸುತ್ತಿದ್ದ ವಿಧಾನ ಅದು. ಉಯಿಲು ಬರೆಯುವಾಗ ಸುಸಾನಾಗೆ ಮೂವತ್ತೆರಡು ವರ್ಷ, ಎಂಟು ವರ್ಷದ ಒಬ್ಬಳು ಮಗಳು. ಗಂಡುಮಗು ಒಂದೂ ಇರಲಿಲ್ಲ. ಹುಟ್ಟದ ಏಳು ಮಂದಿ ಮೊಮ್ಮಕ್ಕಳಿಗೆ ಸಾಲಾಗಿ ಮನೆ ಬರೆದಿಡುತ್ತಿದ್ದ ಆ ಮನುಷ್ಯ ಒಬ್ಬನೇ ಮಗನನ್ನು ಕಳೆದುಕೊಂಡವನು.

ಹೆಂಡತಿ ಆನ್‌ಗೆ ಬರೆದದ್ದು ಒಂದೇ ಸಾಲು, ಅದೂ ಸಾಲುಗಳ ನಡುವೆ ಸೇರಿಸಿದ್ದು: ಎರಡನೆಯ ದರ್ಜೆಯ ಮಂಚ, ಅದರ ಹಾಸಿಗೆ ಹೊದಿಕೆಗಳ ಸಮೇತ. ಇದನ್ನು ತಾತ್ಸಾರವೆಂದು ಓದುವವರಿದ್ದಾರೆ, ಪ್ರೀತಿಯ ಕುರುಹೆಂದು ಓದುವವರೂ ಇದ್ದಾರೆ. ವಿಧವೆಗೆ ಗಂಡನ ಸ್ಥಿರಾಸ್ತಿಯ ಮೂರನೆಯ ಒಂದು ಪಾಲಿನ ಮೇಲೆ ಜೀವಮಾನದ ಹಕ್ಕು ಸಾಮಾನ್ಯ ಕಾನೂನಿನಿಂದಲೇ ಇದ್ದುದರಿಂದ ಪ್ರತ್ಯೇಕವಾಗಿ ಬರೆಯಬೇಕಿರಲಿಲ್ಲ ಎಂಬ ವಾದವಿದೆ; ಲಂಡನ್ನಿನ ಮನೆಯನ್ನು ವಿಶ್ವಸ್ತರ ಹೆಸರು ಸೇರಿಸಿ ಕೊಂಡದ್ದರಿಂದ ಆ ಹಕ್ಕು ಅಲ್ಲಿ ತಪ್ಪಿತು ಎಂಬ ಪ್ರತಿವಾದವೂ ಇದೆ. ಮಂಚದ ಮಾತು ಬಹಳ ಬೆಳೆದಿದೆ. ನಾನು ಅದನ್ನು ಇನ್ನೂ ಬೆಳೆಸುವುದಿಲ್ಲ. ಏಕೆಂದರೆ ಎಲ್ಲರೂ ಮಂಚದ ಬಳಿಯೇ ನಿಂತುಬಿಡುವುದರಿಂದ ತಂಗಿ ಜೋನ್‌ಗೆ ಬರೆದ ಸಾಲುಗಳು ಓದುಗರ ಕಣ್ಣಿಗೆ ಬೀಳುವುದೇ ಇಲ್ಲ.

ಅವಳಿಗೆ 20 ಪೌಂಡ್, ತನ್ನ ಉಡುಪುಗಳೆಲ್ಲ, ಮತ್ತು ಅವಳು ವಾಸವಾಗಿರುವ ಹೆನ್ಲಿ ಬೀದಿಯ ಮನೆ, ಅವಳ ಜೀವಮಾನದವರೆಗೆ, ವರ್ಷಕ್ಕೆ 12 ಪೆನ್ಸ್ ಬಾಡಿಗೆಗೆ. ಹನ್ನೆರಡು ಪೆನ್ಸ್ ಎಂದರೆ ಒಂದು ಷಿಲ್ಲಿಂಗ್. ಅದು ಆದಾಯಕ್ಕಾಗಿ ಇಟ್ಟ ಬಾಡಿಗೆಯಲ್ಲ, ಒಡೆತನ ಸುಸಾನಾಳದು ಎಂಬುದಕ್ಕೆ ಸಾಕ್ಷಿಯಾಗಿ ಇಟ್ಟದ್ದು. ಅವಳ ಮೂವರು ಗಂಡುಮಕ್ಕಳಿಗೆ ತಲಾ 5 ಪೌಂಡ್. ಇಲ್ಲಿ ಹಾಳೆಯನ್ನು ಹತ್ತಿರದಿಂದ ನೋಡಬೇಕು. 'ವಿಲಿಯಂ ಹಾರ್ಟ್' ಎಂದು ಬರೆದಿದೆ. ಆಮೇಲೆ ಖಾಲಿ ಜಾಗ, ಅದರ ಮುಂದೆ 'ಹಾರ್ಟ್'. ಆಮೇಲೆ 'ಮೈಕೇಲ್ ಹಾರ್ಟ್'. ನಡುವಿನ ಹುಡುಗನ ಹೆಸರು ಆ ಹೊತ್ತಿಗೆ ಉಯಿಲು ಹೇಳುತ್ತಿದ್ದವನಿಗಾಗಲಿ ಬರೆದುಕೊಳ್ಳುತ್ತಿದ್ದವನಿಗಾಗಲಿ ನೆನಪಾಗಲಿಲ್ಲ. ಆಮೇಲೆ ತುಂಬೋಣವೆಂದು ಬಿಟ್ಟ ಜಾಗ ಹಾಗೆಯೇ ಉಳಿಯಿತು. ಆ ಹುಡುಗನ ಹೆಸರು ಥಾಮಸ್, ಆಗ ಅವನಿಗೆ ಸುಮಾರು ಹನ್ನೊಂದು ವರ್ಷ.

ಏಪ್ರಿಲ್ 17ರಂದು ಜೋನ್‌ಳ ಗಂಡನ ಶವಸಂಸ್ಕಾರವಾಯಿತು. 23ರಂದು ಅಣ್ಣ ತೀರಿಕೊಂಡ. ಒಂದೇ ವಾರದಲ್ಲಿ ಗಂಡನನ್ನೂ ಅಣ್ಣನನ್ನೂ ಕಳೆದುಕೊಂಡ ಆ ಹೆಂಗಸಿಗೆ ತಲೆಯ ಮೇಲೆ ಸೂರು ಉಳಿದದ್ದು ಒಂದು ತಿಂಗಳ ಹಿಂದೆ ಬರೆದ ಆ ಸಾಲಿನಿಂದ. ಜೂನ್ 22ರಂದು ಸುಸಾನಾಳ ಗಂಡ, ವೈದ್ಯ ಜಾನ್ ಹಾಲ್, ಲಂಡನ್ನಿನಲ್ಲಿ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ನ್ಯಾಯಾಲಯದಲ್ಲಿ ಉಯಿಲನ್ನು ದೃಢಪಡಿಸಿದ. ಜೋನ್ ಆ ಮನೆಯಲ್ಲಿ ಇನ್ನೂ ಮೂವತ್ತು ವರ್ಷ ಬಾಳಿ 1646ರ ನವೆಂಬರ್‌ನಲ್ಲಿ ಕಣ್ಣುಮುಚ್ಚಿದಳು.

ಅಷ್ಟರಲ್ಲಿ ಎಂಟೇಲಿನ ಏರ್ಪಾಡು ಕುಸಿಯುತ್ತ ಬಂದಿತ್ತು. ಸುಸಾನಾಗೆ ಗಂಡುಮಗು ಆಗಲಿಲ್ಲ. ಜೂಡಿತ್‌ಗೆ ಮೂವರು ಗಂಡುಮಕ್ಕಳಾದರು. ಅಜ್ಜನ ಮನೆತನದ ಹೆಸರನ್ನೇ ಇಟ್ಟಿದ್ದ ಮೊದಲನೆಯ ಕೂಸು ಷೇಕ್ಸ್‌ಪಿಯರ್ ಕ್ವೈನಿ 1617ರಲ್ಲಿ ತೀರಿಕೊಂಡಿತು. ಉಳಿದಿಬ್ಬರು, ರಿಚರ್ಡ್ ಮತ್ತು ಥಾಮಸ್, ಬೆಳೆದು ಇಪ್ಪತ್ತರ ಆಸುಪಾಸಿಗೆ ಬಂದಿದ್ದಾಗ 1639ರ ಆರಂಭದಲ್ಲಿ ಒಂದೆರಡು ವಾರಗಳ ಅಂತರದಲ್ಲಿ ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಸುಸಾನಾ, ಮಗಳು ಎಲಿಜಬೆತ್ ಮತ್ತು ಅಳಿಯ ಥಾಮಸ್ ನ್ಯಾಶ್ ಸೇರಿ ಆಸ್ತಿಗೆ ಹೊಸ ವ್ಯವಸ್ಥಾಪತ್ರ ಮಾಡಿಕೊಂಡರು. ಎಂಟೇಲನ್ನು ಮುರಿಯಲು ಆಗ ರೂಢಿಯಲ್ಲಿದ್ದ ಉಪಾಯವೆಂದರೆ ಒಪ್ಪಂದದ ಮೇಲೆ ತಮ್ಮವರಿಂದಲೇ ತಮ್ಮ ಮೇಲೆ ದಾವೆ ಹಾಕಿಸಿಕೊಂಡು, ನ್ಯಾಯಾಲಯದ ದಾಖಲೆಯ ಮೂಲಕ ಹಕ್ಕನ್ನು ಹೊಸದಾಗಿ ಪಡೆಯುವುದು. ಇದಕ್ಕೆ ನ್ಯಾಯಾಧೀಶರ ಸಮ್ಮತಿಯೂ ಇರುತ್ತಿತ್ತು. 1647ರಲ್ಲಿ ನ್ಯಾಶ್ ಸತ್ತಾಗ ಅವನು ತನ್ನದಲ್ಲದ ನ್ಯೂ ಪ್ಲೇಸ್ ಅನ್ನು ತನ್ನ ದಾಯಾದಿಗೆ ಬರೆದಿಟ್ಟಿದ್ದು ಹೊರಬಂದು, ತಾಯಿ ಮಗಳು ಮತ್ತೊಮ್ಮೆ ಪತ್ರ ಮಾಡಿಸಿ ಚಾನ್ಸರಿಯಲ್ಲಿ ವ್ಯಾಜ್ಯ ನಡೆಸಬೇಕಾಯಿತು. ಈ ಮನೆತನದ ಆಸ್ತಿಯನ್ನು ಕಾಯ್ದುಕೊಂಡವರು ಹೆಣ್ಣುಮಕ್ಕಳು. ಉಯಿಲು ಅವರನ್ನು ನೆನೆದದ್ದು ಗಂಡುಮಕ್ಕಳು ಬರುವವರೆಗಿನ ದಾರಿಯಾಗಿ ಮಾತ್ರ.

1649ರಲ್ಲಿ ಸುಸಾನಾ ತೀರಿಕೊಂಡಳು. ಎಲಿಜಬೆತ್ ಎರಡನೆಯ ಮದುವೆಯಾಗಿ ನಾರ್ಥಾಂಪ್ಟನ್‌ಷೈರಿನ ಆಬಿಂಗ್ಟನ್‌ನಲ್ಲಿ ನೆಲೆಸಿದಳು, ಅವಳಿಗೆ ಮಕ್ಕಳಾಗಲಿಲ್ಲ. 1670ರಲ್ಲಿ ಅವಳು ಸಾಯುವುದರೊಂದಿಗೆ ನಾಟಕಕಾರನ ನೇರ ಸಂತತಿ ಮುಗಿಯಿತು. ಅವಳ ಉಯಿಲಿನ ಪ್ರಕಾರ ನ್ಯೂ ಪ್ಲೇಸ್ ಮಾರಾಟಕ್ಕೆ ಹೋಯಿತು. ಹಲವರ ಕೈದಾಟಿ 1759ರಲ್ಲಿ ಅದರ ಅಂದಿನ ಒಡೆಯನೇ ಅದನ್ನು ಕೆಡವಿಸಿದ. ಹೆನ್ಲಿ ಬೀದಿಯ ಮನೆಗಳನ್ನು ಮಾತ್ರ ಅವಳು ಮಾರಲು ಹೇಳಲಿಲ್ಲ. ಅವನ್ನು ತನ್ನ ಬಂಧು ಥಾಮಸ್ ಹಾರ್ಟ್‌ಗೆ, ಅವನ ಬಳಿಕ ಅವನ ತಮ್ಮ ಜಾರ್ಜ್‌ಗೆ ಬರೆದಳು. ಈ ಅಣ್ಣತಮ್ಮಂದಿರು ಜೋನ್‌ಳ ಮೊಮ್ಮಕ್ಕಳು. ಅವರ ತಂದೆ ಬೇರೆ ಯಾರೂ ಅಲ್ಲ, 1616ರ ಉಯಿಲಿನಲ್ಲಿ ಹೆಸರು ಬಿಟ್ಟುಹೋಗಿದ್ದ ಆ ಹುಡುಗ ಥಾಮಸ್. ಏಳು ಮಂದಿ ಗಂಡುಮಕ್ಕಳನ್ನು ಎಣಿಸಿದ ಕಾನೂನಿನ ಕಟ್ಟು ಮಾಡಲಾಗದ್ದನ್ನು ವರ್ಷಕ್ಕೆ ಒಂದು ಷಿಲ್ಲಿಂಗಿನ ವಾಸದ ಹಕ್ಕು ಮಾಡಿತು. ಜೋನ್ ಮತ್ತು ಅವಳ ಮಕ್ಕಳು ಆ ಮನೆಯಲ್ಲಿ ಬೇರುಬಿಟ್ಟು ನಿಂತಿದ್ದರಿಂದಲೇ ಎಲಿಜಬೆತ್‌ಗೆ ಅದನ್ನು ಅವರಿಗೆ ಕೊಡುವುದು ನ್ಯಾಯವಾಗಿ ಕಂಡಿರಬೇಕು ಎಂದು ನಾನು ಭಾವಿಸುತ್ತೇನೆ.

ಜಾರ್ಜ್ ಹಾರ್ಟ್ ದರ್ಜಿಯಾಗಿದ್ದ. ಅವನ ಮಗನಿಗೆ ಷೇಕ್ಸ್‌ಪಿಯರ್ ಹಾರ್ಟ್ ಎಂದು ಹೆಸರಿಟ್ಟರು. ಅವನು ಕಿಟಕಿಗಳಿಗೆ ಗಾಜು ಕೂರಿಸುವ ಕಸುಬಿನವನು. ಮುಂದಿನ ಪೀಳಿಗೆಗಳಲ್ಲಿ ಮರ ಕಡೆಯುವ ಕೆಲಸದವರೂ ಕಟುಕರೂ ಆ ಮನೆಯಲ್ಲಿ ಬಾಳಿದರು. ಕೈಗವಸಿನವನು ದುಡಿದು ಕೊಂಡ ಮನೆ ಲಾಂಛನದವರ ಕೈಯಲ್ಲಿ ಕೆಲಕಾಲವಿದ್ದು ಮತ್ತೆ ಕಸುಬುದಾರರಿಗೇ ಬಂತು. 1806ರಲ್ಲಿ ಹಾರ್ಟ್ ಮನೆತನದವರು ಅದನ್ನು ಥಾಮಸ್ ಕೋರ್ಟ್ ಎಂಬ ಕಟುಕನಿಗೆ ಮಾರಿದರು. 1847ರಲ್ಲಿ ಅದು ಹರಾಜಿಗೆ ಬಂದಾಗ ಸಾರ್ವಜನಿಕರಿಂದ ಹಣ ಕೂಡಿಸಿದ ಸಮಿತಿಯೊಂದು 3,000 ಪೌಂಡ್ ಕೊಟ್ಟು ರಾಷ್ಟ್ರದ ಪರವಾಗಿ ಕೊಂಡುಕೊಂಡಿತು. ಇಂದು ಅದನ್ನು ನೋಡಲು ಹೋಗುವವರು ನಡೆಯುವ ಕೋಣೆಗಳಲ್ಲಿ ಜೋನ್ ಹಾರ್ಟ್‌ಳ ಸಂಸಾರವೂ ಅವಳ ವಂಶದವರೂ ಸುಮಾರು ಎರಡು ಶತಮಾನ ಬದುಕಿದ್ದರು.